ಸೋತ ಊರಿನವರು ಕೋಟೆ ಬೀಗದ ಕೈ ಯಾಕೆ ಕೊಡ್ತಿದ್ರು? ಬ್ರೆಡಾ ಪೇಂಟಿಂಗ್ ನೋಡಿ ಬಂದ ಡೌಟು

ಗಾಂಧಿಬಜಾರ್_ಗಿರಾಕಿ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಬಂದಿದೀನಿ, ಇಲ್ಲಿ ಪ್ರಾಡೋ ಮ್ಯೂಸಿಯಂಗೆ ಸಂಜೆ ಆರರ ಮೇಲೆ ಹೋದ್ರೆ ಟಿಕೆಟ್ ಇಲ್ಲ ಅಂತ ಜೊತೆಯವರು ಹೇಳಿದ್ರು, ಬಿಟ್ಟಿ ಅಂದ್ರೆ ಬಿಡ್ತೀವಾ, ಕ್ಯೂ ನಿಂತು ಒಳಗೆ ಹೋದೆ. ಅಲ್ಲಿ ವೆಲಾಸ್ಕೆಸ್ ಬರೆದಿರೋ ಬ್ರೆಡಾ ಶರಣಾಗತಿ ಪೇಂಟಿಂಗ್ ಮುಂದೆ ನಿಂತವನು ಅಲ್ಲೇ ಸುಮಾರು ಹೊತ್ತು ನಿಂತುಬಿಟ್ಟೆ. ಫೋಟೋ ತೆಗೆಯೋಕೆ ಬಿಡಲ್ಲ ಅದಕ್ಕೆ ಬಾಯಲ್ಲೇ ಹೇಳ್ತೀನಿ ಕೇಳಿ.

ಹತ್ತಡಿ ಎತ್ತರ ಹನ್ನೆರಡಡಿ ಅಗಲ ಇರೋ ದೊಡ್ಡ ಚಿತ್ರ. ಎಡಗಡೆ ಸೋತ ಡಚ್ಚರು, ಬಲಗಡೆ ಗೆದ್ದ ಸ್ಪೇನ್ ಕಡೆಯವರು, ಅವರ ಹಿಂದೆ ಉದ್ದುದ್ದ ಭರ್ಜಿಗಳು ನೆಟ್ಟಗೆ ನಿಂತಿವೆ, ದೂರದಲ್ಲಿ ಹೊಗೆ. ಬಲಕ್ಕೆ ಒಂದು ಕುದುರೆ ನಮ್ಮ ಕಡೆ ಬೆನ್ನು ತಿರುಗಿಸ್ಕೊಂಡು ನಿಂತಿದೆ. ಇಷ್ಟೆಲ್ಲ ಜನರ ನಡುವೆ ಸರಿಯಾಗಿ ಮಧ್ಯಕ್ಕೆ ಒಂದು ಬೀಗದ ಕೈ. ಸೋತವನು ಸ್ವಲ್ಪ ಬಗ್ಗಿ ಅದನ್ನ ಮುಂದೆ ಹಿಡ್ದಿದಾನೆ, ಗೆದ್ದವನು ಅದನ್ನ ತಗೊಳ್ಳೋದು ಬಿಟ್ಟು ಅವನ ಹೆಗಲ ಮೇಲೆ ಕೈ ಇಟ್ಟಿದಾನೆ, ಅಯ್ಯೋ ಬಗ್ಗಬೇಡಿ ಸ್ವಾಮಿ ಅನ್ನೋ ಥರ.

ನನ್ನ ಡೌಟು ಏನಂದ್ರೆ, ಇದು ನಿಜವಾಗ್ಲೂ ಹೀಗೇ ನಡೀತಾ? ಊರಿಗೆ ಮೂರ್ನಾಲ್ಕು ಬಾಗಿಲಾದ್ರೂ ಇರತ್ತೆ, ಈ ಒಂದು ಕೀಲಿ ಯಾವ ಬಾಗಿಲಿಗೆ? ತೋಪು ಇಟ್ಕೊಂಡು ಬಂದವನಿಗೆ ಬೀಗದ ಕೈ ಯಾಕೆ ಬೇಕು ಅನ್ನೋದು ನನಗೆ ಅರ್ಥ ಆಗ್ತಿಲ್ಲ. ನಮ್ಮ ಕಡೆ ಕೋಟೆಗಳಲ್ಲೂ ಈ ಪದ್ಧತಿ ಇತ್ತಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಗೂಗಲ್ ಮಾಡು ಅಂತ ಮಾತ್ರ ಹೇಳ್ಬೇಡಿ ಪ್ಲೀಸ್.

ಹಳೇಪುಸ್ತಕದ_ರಾಯರು

ಒಳ್ಳೇ ಪ್ರಶ್ನೆ ಕೇಳಿದೀರಿ. ಮೊದಲು ಕಥೆ ಹೇಳ್ತೀನಿ, ಆಮೇಲೆ ಕೀಲಿಗೆ ಬರೋಣ.

ಬ್ರೆಡಾ ಅನ್ನೋದು ಈಗಿನ ನೆದರ್‌ಲ್ಯಾಂಡ್ಸ್‌ನ ದಕ್ಷಿಣಕ್ಕಿರೋ ಊರು. ಡಚ್ಚರು ಸ್ಪೇನ್ ರಾಜನ ವಿರುದ್ಧ ತಿರುಗಿಬಿದ್ದು 80 ವರ್ಷ ಬಡಿದಾಡಿದ್ರಲ್ಲ, ಆ ಯುದ್ಧದಲ್ಲಿ ಇದು ಒಂದ್ಸಲ ಇವರ ಕೈಗೆ ಒಂದ್ಸಲ ಅವರ ಕೈಗೆ ಹೋಗ್ತಾನೇ ಇತ್ತು. 1590ರಲ್ಲಿ ಡಚ್ಚರು ಇದನ್ನ ಗೆದ್ದಿದ್ದೇ ಒಂದು ಸಿನಿಮಾ ಥರ ಇದೆ. ಆ ಕಡೆ ಚಳಿಗಾಲಕ್ಕೆ ಉರಿಸೋಕೆ ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ ಬಳಸ್ತಾರೆ, ಅದನ್ನ ತುಂಬಿದ ದೋಣಿಯ ತಳದಲ್ಲಿ ಸುಮಾರು 70 ಸೈನಿಕರು ಬಚ್ಚಿಟ್ಕೊಂಡು ಕೂತ್ರು, ಕೋಟೆ ಒಳಗಿದ್ದವರಿಗೆ ಸೌದೆ ಇಲ್ದೇ ಒದ್ದಾಡ್ತಿದ್ದ ಹೊತ್ತು, ದೋಣಿ ಬಂತಲ್ಲಪ್ಪ ಅನ್ನೋ ಖುಷಿಗೆ ಸರಿಯಾಗಿ ತಪಾಸಣೇನೂ ಮಾಡ್ದೇ ಒಳಗೆ ಬಿಟ್ಕೊಂಡ್ರು. ರಾತ್ರಿ ಇವರು ಎದ್ದು ಹೊರಗೆ ಬಂದ್ರು, ಬೆಳಗಾಗೋ ಹೊತ್ತಿಗೆ ಊರು ಡಚ್ಚರದ್ದು. ಅವತ್ತು ಯಾರೂ ಯಾರಿಗೂ ಕೀಲಿ ಕೊಡ್ಲಿಲ್ಲ!

ಅದೇ ಊರನ್ನ ವಾಪಸ್ ತಗೊಳ್ಳೋಕೆ 1624ರ ಆಗಸ್ಟ್‌ನಲ್ಲಿ ಸ್ಪೇನ್ ಕಡೆಯ ಸೇನಾಪತಿ ಸ್ಪಿನೋಲಾ ಬಂದ. ಇವನು ಸ್ಪೇನಿನವನಲ್ಲ, ಇಟಲಿಯ ಜೆನೋವಾದವನು, ಲೇವಾದೇವಿ ಮಾಡೋ ದೊಡ್ಡ ಮನೆತನ, ಕೈಯಿಂದ ದುಡ್ಡು ಹಾಕಿ ಸೈನ್ಯ ಸಾಕಿದವನು. ಗೋಡೆಗೆ ತಲೆ ಚಚ್ಚಿಕೊಳ್ಳೋ ಬದಲು ಊರಿನ ಸುತ್ತ ಎರಡು ಸುತ್ತು ಕಂದಕ ಮತ್ತು ಮಣ್ಣಿನ ದಿಬ್ಬ ಹಾಕಿಸ್ದ, ಒಂದು ಒಳಗಿನವರು ಹೊರಗೆ ಬರದ ಹಾಗೆ, ಇನ್ನೊಂದು ಹೊರಗಿಂದ ಸಹಾಯಕ್ಕೆ ಬರೋರು ಒಳಗೆ ನುಗ್ಗದ ಹಾಗೆ. ಆಮೇಲೆ ಸುಮ್ನೆ ಕೂತ. ಒಂಬತ್ತು ತಿಂಗಳು. ಒಳಗೆ ಹಸಿವು, ರೋಗ, ಸ್ಕರ್ವಿ. ಇದರ ಮಧ್ಯೆ ಡಚ್ ರಾಜಕುಮಾರ ಸಣ್ಣ ಸೀಸೆಗಳಲ್ಲಿ ಭಾರೀ ಅಪರೂಪದ ಔಷಧಿ ಅಂತ ಏನೋ ಕಳಿಸಿದ್ನಂತೆ, ಔಷಧಿ ಪೊಳ್ಳು, ಆದ್ರೂ ಮೂರ್ನಾಲ್ಕು ಹನಿ ಕುಡಿದ ಸೈನಿಕರು ಎದ್ದು ಓಡಾಡಿದ್ರು ಅಂತ ಅಲ್ಲೇ ಇದ್ದ ಡಾಕ್ಟರ್ ಒಬ್ಬ ಬರೆದಿಟ್ಟಿದಾನೆ. ಅದು ಬೇರೆ ಕಥೆ ಬಿಡಿ.

ಕೊನೆಗೆ 1625ರ ಜೂನ್ ಮೊದಲ ವಾರದಲ್ಲಿ ಊರಿನ ಗವರ್ನರ್ ಯುಸ್ಟಿನಸ್ ಒಪ್ಪಂದಕ್ಕೆ ಬಂದ, ಇವನು ಡಚ್ಚರ ನಾಯಕ ವಿಲಿಯಂನ ಮಗ, ಮದುವೆ ಆಚೆ ಹುಟ್ಟಿದವನು. ಷರತ್ತು ಎಂಥದ್ದು ನೋಡಿ, ಸೈನಿಕರು ಆಯುಧ ಕೆಳಗಿಡಬೇಕಿಲ್ಲ, ಬಾವುಟ ಹಾರಿಸ್ಕೊಂಡು ಡೋಲು ಬಾರಿಸ್ಕೊಂಡು ಮೆರವಣಿಗೆ ಥರ ಹೊರಗೆ ನಡೀಬಹುದು. ಜೂನ್ 5ಕ್ಕೆ ಹಾಗೇ ಹೊರಟ್ರು. ಸ್ಪಿನೋಲಾ ಅವರನ್ನ ಮರ್ಯಾದೆಯಿಂದ ಬೀಳ್ಕೊಟ್ಟಿದ್ದು ನಿಜ.

ಈಗ ನಿಮ್ಮ ಕೀಲಿ. ಆ ಕೀಲಿ ಕೊಡೋ ದೃಶ್ಯ ವೆಲಾಸ್ಕೆಸ್‌ಗೆ ಸಿಕ್ಕಿದ್ದು ರಣರಂಗದಿಂದ ಅಲ್ಲ, ನಾಟಕದಿಂದ ಅಂತ ಕಲೆಯ ಇತಿಹಾಸ ಬರೆಯೋರು ಹೇಳ್ತಾರೆ. ಕಾಲ್ದೆರೋನ್ ಅನ್ನೋ ಸ್ಪ್ಯಾನಿಷ್ ನಾಟಕಕಾರ ಈ ಮುತ್ತಿಗೆ ಬಗ್ಗೆ ನಾಟಕ ಬರೆದಿದ್ದ, ಅದರ ಕೊನೇಲಿ ಯುಸ್ಟಿನಸ್ ಬಂದು ಕೀಲಿ ಒಪ್ಪಿಸ್ತಾನೆ, ಸ್ಪಿನೋಲಾ ತಗೊಂಡು ಸೋತವನ ಪರಾಕ್ರಮದಿಂದಲೇ ಗೆದ್ದವನಿಗೆ ಹೆಸರು ಅನ್ನೋ ಅರ್ಥದ ಮಾತಾಡ್ತಾನೆ. ಪೇಂಟಿಂಗ್ ಆಗಿದ್ದು 1634-35ರಲ್ಲಿ. ವೆಲಾಸ್ಕೆಸ್ ಬ್ರೆಡಾ ನೋಡೇ ಇಲ್ಲ. ಆದ್ರೆ ಸ್ಪಿನೋಲಾನ ನೋಡಿದ್ದ, 1629ರಲ್ಲಿ ಇಟಲಿಗೆ ಹೋಗುವಾಗ ಇಬ್ರೂ ಒಂದೇ ಹಡಗಲ್ಲಿ ಹೋಗಿದ್ರು. ಆ ಮುಖದಲ್ಲಿರೋ ಸಜ್ಜನಿಕೆ ಎಲ್ಲಿಂದ ಬಂತು ಅಂದ್ರೆ ಅಲ್ಲಿಂದ ಅಂತ ನನ್ನ ಲೆಕ್ಕ.

ಧಾರವಾಡ_ಫೇಡೆ

ರಾಯರು ಛಲೋ ಹೇಳ್ಯಾರ, ಆದ್ರ ಪ್ರಶ್ನೆ ಕೇಳಿದವ್ರ ಮುಖ್ಯ ಡೌಟ್ ಹಂಗ ಉಳೀತು ನೋಡ್ರಿ. ತೋಪ ಇದ್ದಾವಂಗ ಚಾವಿ ಯಾಕ ಬೇಕು?

ಬಾಗ್ಲಾ ತಗೀಲಿಕ್ಕಲ್ರಿ ಅದು. ಚಾವಿ ಕೈ ಬದಲಾಗೂದು ಎಲ್ಲಾ ಮಾತುಕತಿ ಮುಗದು ಕಾಗದಕ್ಕ ಸಹಿ ಬಿದ್ದ ಮ್ಯಾಲ. ಅದರ ಅರ್ಥ ಏನಂದ್ರ, ಈ ಊರು ಮಾತಿನ ಮ್ಯಾಲ ಬಂದೈತಿ, ಕತ್ತಿ ಮ್ಯಾಲ ಬಂದಿಲ್ಲ, ಇನ್ನ ಯಾವ ಸಿಪಾಯಿನೂ ಮನಿ ಹೊಕ್ಕು ಏನೂ ಮುಟ್ಟಂಗಿಲ್ಲ ಅಂತ. ಯುರೋಪಿನಾಗ ಅವಾಗ ಒಂದು ರಿವಾಜ ಇತ್ತು, ಗ್ವಾಡಿ ಒಡದು ದಾರಿ ಆಗೂದ್ರಾಗ ಊರವ್ರು ಮಾತಿಗಿ ಬಂದ್ರ ಜೀವ ಮಾಲು ಎರಡೂ ಉಳೀತಾವು. ಹಠ ಹಿಡದು ಕುಂತು, ದಂಡು ಒಡದ ಗ್ವಾಡಿ ಹತ್ತಿ ಸತಗೋತ ಒಳಗ ಬಂತಂದ್ರ ಆಮ್ಯಾಲ ದಯಾ ಮಾಯಾ ಏನೂ ಇಲ್ಲ, ಲೂಟಿ ಮಾಡೂದು ಸಿಪಾಯಿ ಹಕ್ಕು ಅಂತ ತಿಳಕೋತಿದ್ರು. ಸೇನಾಪತಿಗಳು ಸುದ್ದಾ ಅತ್ತ ಮುಖಾ ತಿರುವಿ ನಿಂತುಬಿಡ್ತಿದ್ರು.

ಚಾವಿ ಕೊಡದ ಊರಿನ ಗತಿ ಏನು ಅಂತ ನೋಡಲಿಕ್ಕೆ ಸ್ಪೇನಿಗೆ ಹೋಗೂದು ಬ್ಯಾಡ, ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ರ ಹೋಗ್ರಿ. ಅಲ್ಲಿ ಉಳದ ಕೋಟಿ ಗ್ವಾಡಿ ಹತ್ರ ಒಂದು ಕಲ್ಲಿನ ಫಲಕ ಐತಿ, 1791ರ ಮಾರ್ಚ್ 21ಕ್ಕ ಈ ಒಡಕಿನ್ಯಾಗ ಬ್ರಿಟಿಷರು ನುಗ್ಗಿದ್ರು ಅಂತ ಬರದಾರ. ಕಿಲ್ಲೇದಾರ ಬಹಾದ್ದೂರ್ ಖಾನ್ ಕಡೀತನಾ ಕಾದಾಡಿ ಅಲ್ಲೇ ಸತ್ತ. ಅದಕ್ಕೂ ಎರಡು ವಾರ ಮೊದ್ಲ ಪ್ಯಾಟಿ ಹಿಡದಾಗ ಪ್ಯಾಟಿನೂ ಲೂಟಿ ಆಗಿತ್ತು.

1799ರ ಮೇ 4ಕ್ಕ ಶ್ರೀರಂಗಪಟ್ಟಣ. ಗ್ವಾಡಿ ಒಡದು ನುಗ್ಗಿದ್ರು, ಟಿಪ್ಪು ಅಲ್ಲೇ ಕಾದಾಡಿ ಸತ್ತ, ಆ ರಾತ್ರಿ ಊರಾಗ ಲೂಟಿ ಆಗದ ಮನಿ ಉಳೀಲೇ ಇಲ್ಲ ಅನ್ನೂ ಹಂಗ ಆತು. ಮರುದಿನ ಮುಂಜಾನೆ ಊರಿನ ಚಾರ್ಜ್ ತಗೊಂಡಾವ ಆರ್ಥರ್ ವೆಲ್ಲೆಸ್ಲಿ, ಮುಂದ ವೆಲಿಂಗ್ಟನ್ ಅಂತ ಹೆಸರಾದಾವ. ತನ್ನ ದಂಡಿನವರನ್ನ ಗಲ್ಲಿಗೇರಿಸಿ, ಚಾಬೂಕಿನಿಂದ ಹೊಡಸಿ ಹೆಂಗೋ ಮಾಡಿ ತಹಬಂದಿಗಿ ತಂದೆ ಅಂತ ಅಣ್ಣಗ ಪತ್ರ ಬರದಾನ, ಅಣ್ಣ ಅಂದ್ರ ಗವರ್ನರ್ ಜನರಲ್. ಇದೇ ಮನಶಾ 1812ರಾಗ ಸ್ಪೇನಿನ ಬಡಾಹೋಸ್ ಅನ್ನೂ ಊರು ಹಿಡದ, ಅಲ್ಲೂ ಗ್ವಾಡಿ ಒಡದೇ ನುಗ್ಗಿದ್ದು, ಮೂರು ದಿನ ಅವನ ದಂಡು ಅವನ ಮಾತ ಕೇಳಲಿಲ್ಲ, ಅಲ್ಲೂ ಗಲ್ಲುಗಂಬ ನೆಡಬೇಕಾತು. ಮಜಾ ಏನಂದ್ರ ಬಡಾಹೋಸ್‌ನವರು ಬ್ರಿಟಿಷರ ವೈರಿ ಅಲ್ಲವೇ ಅಲ್ಲ, ಒಳಗ ಕುಂತಿದ್ದು ಫ್ರೆಂಚ್ ದಂಡು, ಲೂಟಿ ಆಗಿದ್ದು ಸ್ಪೇನಿನ ಬಡವರ ಮನಿ.

ಈಗ ಮತ್ತ ಆ ಪೇಂಟಿಂಗ್ ನೋಡ್ರಿ. ಒಂಬತ್ತು ತಿಂಗಳು ಉಪವಾಸ ಇದ್ದ ಮಂದಿ ಬಾವುಟ ಹಿಡಕೊಂಡು ಹೊರಗ ನಡದು ಬಂದ್ರು ಅಂದ್ರ ಆ ಚಾವಿ ಎಷ್ಟು ಜೀವಾ ಉಳಿಸೈತಿ ಅಂತ ಲೆಕ್ಕಾ ಹಾಕ್ರಿ.

ಕಾಫಿತೋಟ_ಕೊಪ್ಪ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅಂತ ಅಜ್ಜಿ ಹೇಳ್ತಿದ್ರು, ಇಲ್ಲಿ ನೋಡಿದ್ರೆ ಬಾಗಿಲು ತೆಗೆದವರದ್ದು ಮಾತ್ರ ಕೊಳ್ಳೆ ಹೋಗಿಲ್ಲ 😄 ಥ್ರೆಡ್ ಚೆನ್ನಾಗಿದೆ, ಫಾಲೋ ಮಾಡ್ತಿದೀನಿ.

ಗಾಂಧಿಬಜಾರ್_ಗಿರಾಕಿ

ಫೇಡೆ ಸರ್ ಸೂಪರ್, ಮಾರ್ಕೆಟ್ ಕಡೆ ನೂರಾರು ಸಲ ಓಡಾಡಿದೀನಿ ಆ ಕಲ್ಲನ್ನ ನಿಂತು ಓದಿಲ್ಲ, ಹೂವಿನ ಅಂಗಡಿ ಗಲಾಟೆಲಿ ಯಾರು ನೋಡ್ತಾರೆ. ಸರಿ ಹಾಗಾದ್ರೆ ನಮ್ಮ ಕಡೆ ಶರಣಾಗೋಕೆ ಏನು ಮಾಡ್ತಿದ್ರು? ಇನ್ನೊಂದು, ಗೆದ್ದವನು ಕೀಲಿಗೋಸ್ಕರ ಕಾದು ನಿಂತಿದ್ದು ಯಾರೂ ಬರಲೇ ಇಲ್ಲ ಅಂತ ಎಲ್ಲಾದ್ರೂ ಆಗಿದ್ಯಾ?

ಮೈಸೂರು_ಮಧ್ಯಾಹ್ನ

ನಾನು ಸ್ವಲ್ಪ ತಕರಾರು ತೆಗೀತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ.

ಈ ಪೇಂಟಿಂಗ್‌ನಲ್ಲಿರೋ ಸಜ್ಜನಿಕೆ ಬಗ್ಗೆ ನನಗೆ ಯಾವಾಗ್ಲೂ ಅನುಮಾನ. ಇದನ್ನ ಮಾಡಿಸಿದ್ದು ಯಾರು, ಸ್ಪೇನ್ ರಾಜ ನಾಲ್ಕನೇ ಫಿಲಿಪ್, ಎಲ್ಲಿಗೆ, ಬುಯೆನ್ ರೆತಿರೋ ಅರಮನೆಯ ದರ್ಬಾರ್ ಹಾಲ್‌ಗೆ. ಅಲ್ಲಿ ಇಂಥವೇ ಹನ್ನೆರಡು ಗೆಲುವಿನ ಚಿತ್ರ ಗೋಡೆ ತುಂಬ ಇದ್ವು, ಬೇರೆ ದೇಶದ ರಾಯಭಾರಿಗಳು ಬಂದು ನೋಡಿ ಬೆರಗಾಗಲಿ ಅಂತ. ನಾವು ಗೆಲ್ಲೋದೂ ಗೊತ್ತು, ಗೆದ್ದ ಮೇಲೆ ದೊಡ್ಡತನ ತೋರಿಸೋದೂ ಗೊತ್ತು ಅಂತ ಹೇಳ್ಕೊಳ್ಳೋಕೆ ಬೀಗದ ಕೈಗಿಂತ ಒಳ್ಳೇ ವಸ್ತು ಯಾವುದು ಸಿಗತ್ತೆ ಹೇಳಿ? ಹೆಣ ಬರೆಯಂಗಿಲ್ಲ, ಹಸಿದು ಸತ್ತವರನ್ನ ಬರೆಯಂಗಿಲ್ಲ, ಕೈಯಲ್ಲಿ ಒಂದು ಕಬ್ಬಿಣದ ಕೀಲಿ ಕೊಟ್ರೆ ಮುಗೀತು, ಎಲ್ಲ ಶುಭ್ರ. ಅದೇ ಹಾಲ್‌ಗೆ ಮೈನೋ ಅನ್ನೋನು ಬ್ರೆಜಿಲ್‌ನ ಬಾಹಿಯಾ ಗೆದ್ದಿದ್ದರ ಚಿತ್ರ ಬರೆದ, ಅದೂ ಈಗ ಪ್ರಾಡೋದಲ್ಲೇ ಇದೆ. ಅದರಲ್ಲಿ ಎದುರಿಗೇ ಒಬ್ಬ ಗಾಯ ಆದ ಸೈನಿಕ, ಅವನಿಗೆ ಉಪಚಾರ ಮಾಡ್ತಿರೋ ಹೆಂಗಸು ಕಾಣ್ತಾರೆ, ರಾಜ ಹಿಂದೆ ಪರದೆ ಮೇಲಿನ ಚಿತ್ರದಲ್ಲಿ ಮಾತ್ರ. ನನಗೆ ಅದೇ ಹೆಚ್ಚು ಇಷ್ಟ.

ನಮ್ಮ ಕಡೆಯದ್ದು ಕೇಳಿದ್ರಲ್ಲ. ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಬರೋದು ನಮ್ಮ ಹಳೇ ಪದ್ಧತಿ, ಹುಲ್ಲು ಕಚ್ಚಿದವನನ್ನ ಕೊಲ್ಲಂಗಿಲ್ಲ. ಆದ್ರೆ ಬ್ರೆಡಾ ಪೇಂಟಿಂಗ್‌ಗೆ ಸರಿಯಾದ ಜೋಡಿ ಬೇಕು ಅಂದ್ರೆ 1792ರ ಶ್ರೀರಂಗಪಟ್ಟಣ ನೋಡಿ. ಆವಾಗ ಕೋಟೆ ಬಿದ್ದಿರ್ಲಿಲ್ಲ, ಟಿಪ್ಪು ಮಾತುಕತೆಗೆ ಬಂದ, ಅರ್ಧ ರಾಜ್ಯ ಮತ್ತು ಮೂರು ಕೋಟಿ ಮೂವತ್ತು ಲಕ್ಷ ದುಡ್ಡು ಅಂತ ಆಯ್ತು. ದುಡ್ಡು ಪೂರ್ತಿ ಬರೋ ತನಕ ಅಡ ಏನು? ಕೀಲಿ ಅಲ್ಲ, ಮಕ್ಕಳು. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಅನ್ನೋ ಇಬ್ಬರು ಗಂಡು ಮಕ್ಕಳು, ಒಬ್ಬನಿಗೆ ಹತ್ತು ಇನ್ನೊಬ್ಬನಿಗೆ ಎಂಟು ವರ್ಷದ ಸುಮಾರು. ಫೆಬ್ರವರಿ ಕೊನೇಲಿ ಆನೆ ಮೇಲೆ ಕಾರ್ನ್‌ವಾಲಿಸ್ ಡೇರೆಗೆ ಹೋದ್ರು, ಅವನು ಕೈ ಹಿಡಿದು ಒಳಗೆ ಕರ್ಕೊಂಡ. ಈ ದೃಶ್ಯ ಇಂಗ್ಲೆಂಡಲ್ಲಿ ಎಷ್ಟು ಓಡ್ತು ಅಂದ್ರೆ ಚಿತ್ರ, ಪ್ರಿಂಟು ಎಲ್ಲ ಬಂದ್ವು. ರಾಬರ್ಟ್ ಹೋಮ್ ಅನ್ನೋನು ಸೈನ್ಯದ ಜೊತೆಗೇ ಇದ್ದು ನೋಡಿ ಬರೆದ. ಮ್ಯಾದರ್ ಬ್ರೌನ್ ಅನ್ನೋನು ಇಂಡಿಯಾಗೆ ಕಾಲೇ ಇಡದೆ ಲಂಡನ್‌ನಲ್ಲಿ ಕೂತು ಬರೆದ, ಥೇಟ್ ವೆಲಾಸ್ಕೆಸ್ ಬ್ರೆಡಾ ಬರೆದ ಹಾಗೆ. ಅದರಲ್ಲೂ ಅದೇ ದಯಾಳು ಗೆದ್ದವನು, ಅದೇ ಚಾಚಿದ ಕೈ. ಆ ಮಕ್ಕಳು ವಾಪಸ್ ಬಂದಿದ್ದು 1794ಕ್ಕೆ, ಅಮ್ಮಂದಿರು ಎರಡು ವರ್ಷ ಹೇಗಿದ್ರೋ ಅದನ್ನ ಯಾರೂ ಬರೀಲಿಲ್ಲ.

ಫೇಡೆಯವರು ಕೀಲಿ ಜೀವ ಉಳಿಸ್ತು ಅಂದ್ರು, ಒಪ್ತೀನಿ. ಆದ್ರೆ ಕೀಲಿ ಚಿತ್ರ ಬರೆಸೋದು ಯಾವಾಗ್ಲೂ ಗೆದ್ದವನೇ ಅನ್ನೋದು ತಲೇಲಿರ್ಲಿ.

ಧಾರವಾಡ_ಫೇಡೆ

ಮೈಸೂರಿನವರು ಹೇಳಿದ್ದು ಖರೇ. ಆದ್ರ ಯಾವಾಗ್ಲೂ ಅಂದ್ರಲ್ಲ ಅಲ್ಲೇ ನನ್ನ ತಕರಾರು, ಕ್ಯಾಲೇ ಊರಿನ ಮಂದಿ ತಮ್ಮ ಸೋಲಿನ ಮೂರ್ತಿ ತಾವೇ ಮಾಡಿಸ್ಯಾರ.

ಫ್ರಾನ್ಸಿನ ಬಂದರು ಊರು ಅದು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1346ರಿಂದ 47ರ ತನಕಾ ಹನ್ನೊಂದು ತಿಂಗಳು ಮುತ್ತಿಗಿ ಹಾಕಿ ಕುಂತ, ಕಡೀಕ ಸಿಟ್ಟು ನೆತ್ತಿಗೇರಿತ್ತು, ಊರು ಉಳೀಬೇಕಂದ್ರ ಆರು ಮಂದಿ ಮುಖಂಡರು ಬರೇ ತಲಿ, ಬರೇ ಕಾಲು, ಕೊರಳಾಗ ಉರುಲಿನ ಹಗ್ಗ, ಕೈಯಾಗ ಊರಿಂದು ಕೋಟಿದು ಚಾವಿ ಹಿಡಕೊಂಡು ಬರಬೇಕು, ಅವರನ್ನ ಏನರ ಮಾಡ್ತೀನಿ ಅಂದ. ಮೊದ್ಲ ಎದ್ದು ನಿಂತಾವ ಊರಿನ ಭಾರೀ ಸಾಹುಕಾರ ಯುಸ್ತಾಶ್. ಆರೂ ಮಂದಿ ಹೋದ್ರು, ರಾಜ ತಲಿ ಹಾರಸ್ರಿ ಅಂದ, ಗರ್ಭಿಣಿ ಇದ್ದ ರಾಣಿ ಫಿಲಿಪಾ ಕಾಲಿಗಿ ಬಿದ್ದು ಉಳಸಿದ್ಲು ಅಂತ ಫ್ರುವಾಸಾರ್ ಅನ್ನೂ ಆಗಿನ ಇತಿಹಾಸಕಾರ ಬರದಾನ. ಐದ್ನೂರು ವರ್ಷದ ಮ್ಯಾಲ ಕ್ಯಾಲೇ ಊರವ್ರು ರೋಡಾಂ ಅನ್ನೂ ಶಿಲ್ಪಿಗಿ ಮೂರ್ತಿ ಮಾಡು ಅಂತ ಹೇಳಿದ್ರು, 1895ಕ್ಕ ಅನಾವರಣ ಆತು. ಮಂದಿ ಎದಿ ಉಬ್ಬಿಸಿ ನಿಂತ ವೀರರು ಬರ್ತಾರ ಅಂತ ಕಾದಿದ್ರು, ರೋಡಾಂ ಮಾಡಿದ್ದು ಸಾವಿಗಿ ಹೊಂಟ, ದಣದ, ಹೆದರಿದ ಮನಶಾರನ್ನ. ಅದರಾಗ ಝಾಂ ದೇರ್ ಅನ್ನಾವ ಎರಡೂ ಕೈಲೆ ದೊಡ್ಡ ಚಾವಿ ಬಿಗದ ಹಿಡಕೊಂಡು ಹಲ್ಲು ಕಚ್ಚಿ ನಿಂತಾನ. ಬ್ರೆಡಾದ ಚಾವಿಗೂ ಈ ಚಾವಿಗೂ ಭಾಳ ಫರಕ್ ಐತ್ರಿ. ಆರು ಮಂದಿ ಉಳದ್ರು ಖರೇ, ಊರಿನ ಬಹಳಷ್ಟು ಮಂದಿನ್ನ ಎಡ್ವರ್ಡ್ ಹೊರಗ ಹಾಕಿ ಇಂಗ್ಲಿಷರನ್ನ ತಂದು ಕುಂಡ್ರಸಿದ. ಫ್ರೆಂಚರಿಗೆ ಊರು ವಾಪಸ್ ಸಿಕ್ಕಿದ್ದು 1558ಕ್ಕ.

ನಮ್ಮ ಕಡೆ ಕೇಳಿದ್ರಲ್ಲ, ನಮ್ಮ ಕಿತ್ತೂರಂದು ಹೇಳಲಿಲ್ಲಂದ್ರ ನನಗ ಉಂಡದ್ದು ಕರಗೂದಿಲ್ಲ. 1824ರ ಅಕ್ಟೋಬರ್ 23ಕ್ಕ ಕಲೆಕ್ಟರ್ ಥ್ಯಾಕರೆ ಕೋಟಿ ಮುಂದ ನಿಂತು ಇಷ್ಟು ಮಿನಿಟಿನ್ಯಾಗ ಬಾಗ್ಲಾ ತಗೀದಿದ್ರ ತೋಪಿಲೆ ಒಡೀತೀನಿ ಅಂದ. ಬಾಗ್ಲಾ ತಗದ್ರು. ಚಾವಿ ಹಿಡಕೊಂಡು ಅಲ್ಲ, ಕತ್ತಿ ಬಂದೂಕು ಹಿಡಕೊಂಡು ಚೆನ್ನಮ್ಮನ ಮಂದಿ ಹೊರಗ ನುಗ್ಗಿದ್ರು, ಥ್ಯಾಕರೆ ಅಲ್ಲೇ ಬಿದ್ದ. ಡಿಸೆಂಬರಿನ್ಯಾಗ ದೊಡ್ಡ ದಂಡು ತಂದು ಕೋಟಿ ಹಿಡದ್ರು, ಅದು ಬ್ಯಾರೆ ಮಾತು.

ಕಾಫಿತೋಟ_ಕೊಪ್ಪ

ಯಾರೂ ಕೀಲಿ ತರದೇ ಇದ್ದಿದ್ದಕ್ಕೆ ಮಾಸ್ಕೋ ಕಥೆ ಇದೆಯಲ್ಲ ಮಾರಾಯ್ರೆ. 1812ರ ಸೆಪ್ಟೆಂಬರ್ 14, ನೆಪೋಲಿಯನ್ ಊರಾಚೆ ಪೊಕ್ಲೊನ್ನಾಯ ಅನ್ನೋ ಗುಡ್ಡದ ಮೇಲೆ ನಿಂತು ಊರಿನ ಗಣ್ಯರು ಕೀಲಿ ತರ್ತಾರೆ ಅಂತ ಕಾದ. ಅವನಿಗೆ ಅಭ್ಯಾಸ ಆಗೋಗಿತ್ತು, ವಿಯೆನ್ನಾ ಕೀಲಿ ತಗೊಂಡಿದ್ದಕ್ಕೆ ಪೇಂಟಿಂಗೇ ಇದೆ. ಇಲ್ಲಿ ಎಷ್ಟು ಕಾದ್ರೂ ಒಬ್ಬನೂ ಬರ್ಲಿಲ್ಲ. ಯಾರಾದ್ರೂ ಕರ್ಕೊಂಡ್ ಬನ್ರೋ ಅಂತ ಆಳು ಕಳಿಸಿದ್ರೆ ಊರಲ್ಲಿ ಗಣ್ಯರೇ ಇಲ್ಲ, ಜನ ಮುಕ್ಕಾಲು ಪಾಲು ಖಾಲಿ ಮಾಡ್ಕೊಂಡು ಹೋಗಿದ್ರು. ಅವತ್ತು ರಾತ್ರಿಯಿಂದಲೇ ಬೆಂಕಿ ಶುರು. ಐದು ವಾರ ಸುಟ್ಟ ಊರಲ್ಲಿ ಕೂತು ಸಂಧಿ ಪತ್ರಕ್ಕೆ ಕಾದು ಅಕ್ಟೋಬರ್‌ನಲ್ಲಿ ವಾಪಸ್ ಹೊರಟ, ಆ ದಾರೀಲಿ ಸೈನ್ಯ ಏನಾಯ್ತು ಅಂತ ಎಲ್ರಿಗೂ ಗೊತ್ತು.

ನನ್ನ ಪ್ರಕಾರ ಇಲ್ಲೇ ಕೀಲಿಯ ನಿಜವಾದ ಬೆಲೆ ಗೊತ್ತಾಗೋದು. ಬಾಗಿಲು ತೆರೆದೇ ಇತ್ತು, ಅಡ್ಡ ಬರೋರೂ ಇರ್ಲಿಲ್ಲ. ಆದ್ರೆ ಕೀಲಿ ಕೊಡೋಕೆ ಒಬ್ಬ ಬೇಕಲ್ಲ, ಅವನು ಇಲ್ದೇ ಇದ್ರೆ ಊರು ಗೆದ್ದಂಗೆ ಆಗೋದೇ ಇಲ್ಲ. ಮಾತಾಡೋಕೆ, ತೆರಿಗೆ ಕೇಳೋಕೆ, ಸೈನ್ಯಕ್ಕೆ ಅಕ್ಕಿ ಬೇಳೆ ಒದಗಿಸಿ ಅನ್ನೋಕೆ ಯಾರೂ ಇಲ್ಲ. ಕೀಲಿ ಕೊಡೋನು ಅಂದ್ರೆ ನಾಳೆಯಿಂದ ಈ ಊರಿನ ಪರವಾಗಿ ನಾನು ಜವಾಬ್ದಾರಿ ಅಂತ ನಿಂತವನು.

ಆಮೇಲೆ ರಷ್ಯನ್ನರು ಸೇಡು ತೀರಿಸ್ಕೊಂಡ್ರು ನೋಡಿ. ನೆಪೋಲಿಯನ್ ಸೈನ್ಯವನ್ನ ಯುರೋಪ್ ಉದ್ದಕ್ಕೂ ಅಟ್ಟಿಸ್ಕೊಂಡು ಹೋಗ್ತಾ ಸಿಕ್ಕ ಊರುಗಳ ಕೀಲಿ ಎಲ್ಲ ತಂದು ಪೀಟರ್ಸ್‌ಬರ್ಗ್‌ನ ಕಝಾನ್ ಕ್ಯಾಥೆಡ್ರಲ್‌ನಲ್ಲಿ ಇಟ್ರು, ಅವರ ಸೇನಾಪತಿ ಕುಟುಜೋವ್ ಸಮಾಧಿ ಅಲ್ಲೇ ಇದೆ, ಅದರ ಮೇಲೆ ಗೋಡೇಲಿ ಈಗ್ಲೂ ಕೀಲಿ ಗೊಂಚಲು ನೇತಾಡ್ತವೆ.

ಹಳೇಪುಸ್ತಕದ_ರಾಯರು

ಮೊದಲನೇ ಪ್ರಶ್ನೇಲಿ ಯಾವ ಬಾಗಿಲಿನ ಕೀಲಿ ಅಂತ ಕೇಳಿದ್ರಲ್ಲ ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕೋಟೆ ಊರುಗಳಲ್ಲಿ ಕತ್ತಲಾಗ್ತಿದ್ದ ಹಾಗೆ ಎಲ್ಲ ಬಾಗಿಲೂ ಹಾಕಿ ಬೀಗ ಜಡಿದು ಆ ಕೀಲಿಗಳನ್ನ ಕಾವಲಿನ ಜೊತೆ ಗವರ್ನರ್ ಮನೆಗೋ ಊರಿನ ಮುಖ್ಯಸ್ಥನ ಮನೆಗೋ ಒಪ್ಪಿಸ್ತಿದ್ರು, ಬೆಳಿಗ್ಗೆ ಮತ್ತೆ ಅಲ್ಲಿಂದ ತಂದು ತೆಗೀಬೇಕು. ತಡವಾಗಿ ಬಂದವನು ಹೊರಗೇ ಮಲಗಬೇಕು, ಎಷ್ಟೇ ದೊಡ್ಡ ವ್ಯಾಪಾರಿ ಆಗಿರ್ಲಿ. ಅಂದ್ರೆ ಕೀಲಿ ಯಾರ ಮನೇಲಿ ರಾತ್ರಿ ಕಳೆಯತ್ತೋ ಅವನೇ ಊರಿನ ಯಜಮಾನ ಅಂತ ಜನಕ್ಕೆ ದಿನಾ ಕಣ್ಣಿಗೆ ಕಾಣ್ತಿತ್ತು. ಶರಣಾಗತಿ ಹೊತ್ತಲ್ಲಿ ಗೊಂಚಲು ಕೊಟ್ರೂ ಒಂದೇ ಕೊಟ್ರೂ ಅರ್ಥ ಅದೇ.

ಸ್ಪೇನ್‌ನ ದಕ್ಷಿಣ ತುದೀಲಿ ಬ್ರಿಟಿಷರ ಕೈಲಿರೋ ಜಿಬ್ರಾಲ್ಟರ್‌ನಲ್ಲಿ ಇದು ಇನ್ನೂ ಗಟ್ಟಿ. 1779ರಿಂದ 83ರ ತನಕ ಸ್ಪೇನ್ ಫ್ರಾನ್ಸ್ ಎರಡೂ ಸೇರಿ ಮುತ್ತಿಗೆ ಹಾಕಿದಾಗ ಗವರ್ನರ್ ಎಲಿಯಟ್ ಕೋಟೆ ಕೀಲಿಗಳನ್ನ ಸೊಂಟದಿಂದ ಬಿಚ್ತಾನೇ ಇರ್ಲಿಲ್ಲ ಅಂತಾರೆ. ಆ ಊರಿನ ಲಾಂಛನದಲ್ಲೇ ಕೋಟೆ ಬಾಗಿಲಿಂದ ಚಿನ್ನದ ಕೀಲಿ ನೇತಾಡತ್ತೆ, ಅದನ್ನ 1502ರಲ್ಲಿ ಕೊಟ್ಟಿದ್ದು ಸ್ಪೇನ್ ರಾಣಿ ಇಸಬೆಲ್ಲಾ. ಲಂಡನ್ ಟವರ್‌ನಲ್ಲಿ ಇವತ್ತಿಗೂ ರಾತ್ರಿ ಹತ್ತಕ್ಕೆ ಕೆಲವು ನಿಮಿಷ ಇರುವಾಗ ಬೀಗ ಹಾಕೋ ಕಾರ್ಯಕ್ರಮ ಇದೆ, ಕಾವಲುಗಾರ ಯಾರದು ಅಂತ ಕೂಗ್ತಾನೆ, ಕೀಲಿ ಅಂತ ಉತ್ತರ ಬರತ್ತೆ, ಯಾರ ಕೀಲಿ ಅಂತಾನೆ, ರಾಜನ ಕೀಲಿ ಅಂದ್ರೆ ಬಿಡ್ತಾನೆ. ಎಡಿನ್‌ಬರಾದಲ್ಲಿ ರಾಜ ಬಂದಾಗ ಊರಿನ ಮುಖ್ಯಸ್ಥರು ಕೀಲಿ ಒಪ್ಪಿಸ್ತಾರೆ, ರಾಜ ನಿಮ್ಮ ಹತ್ರಾನೇ ಇರ್ಲಿ ಅಂತ ವಾಪಸ್ ಕೊಡ್ತಾನೆ. ಸ್ವಂತ ರಾಜನಿಗೂ ಕೊಡ್ತಿದ್ರು ಶತ್ರುಗೂ ಕೊಡ್ತಿದ್ರು, ವಾಪಸ್ ಬರತ್ತಾ ಇಲ್ವಾ ಅನ್ನೋದಷ್ಟೇ ವ್ಯತ್ಯಾಸ. ಅಮೆರಿಕಾದಲ್ಲಿ ಮೇಯರ್‌ಗಳು ಸಿನಿಮಾದವರಿಗೆ ಆಟದವರಿಗೆ ಊರಿನ ಕೀಲಿ ಅಂತ ಕೊಡ್ತಾರಲ್ಲ ಅದೂ ಇದರ ಮೊಮ್ಮಗನೇ, ಅದರಿಂದ ಯಾವ ಬಾಗಿಲೂ ತೆಗೆಯಲ್ಲ ಅಷ್ಟೇ.

ಮೈಸೂರು_ಮಧ್ಯಾಹ್ನ

ಕೀಲಿ ಅಂದ್ರೆ ಒಪ್ಪಂದ ಅಂತ ಎಲ್ರೂ ಹೇಳ್ತಿದೀರಿ, ಒಪ್ಪಂದ ಮುರಿದ್ರೆ? ಗ್ರನಾಡಾ ಮರೀಬೇಡಿ. ಸ್ಪೇನಿನ ಕೊನೇ ಮುಸ್ಲಿಂ ರಾಜ ಬೊಅಬ್ದಿಲ್ 1492ರ ಜನವರಿ 2ಕ್ಕೆ ಕ್ರೈಸ್ತ ರಾಜ ಫೆರ್ಡಿನಾಂಡ್‌ಗೆ ಕೀಲಿ ಕೊಟ್ಟ. ಅವತ್ತು ಕೊಲಂಬಸ್ ಅಲ್ಲೇ ಇದ್ದ, ಅಲ್ಲಿನ ಅಲ್ಹಂಬ್ರಾ ಕೋಟೆ ಬುರುಜಿನ ಮೇಲೆ ಬಾವುಟ ಏರಿದ್ದು, ಸೋತ ರಾಜ ಬಾಗಿಲ ಹತ್ರ ಬಂದು ಗೆದ್ದವರ ಕೈಗೆ ಮುತ್ತಿಟ್ಟಿದ್ದು ನೋಡಿದೆ ಅಂತ ತನ್ನ ಪ್ರಯಾಣದ ದಿನಚರಿ ಶುರುವಲ್ಲೇ ಬರ್ಕೊಂಡಿದಾನೆ. ಹಿಂದಿನ ನವೆಂಬರ್‌ನಲ್ಲಿ ಆದ ಒಪ್ಪಂದ ಓದಿದ್ರೆ ಎಷ್ಟು ಉದಾರ ಅನ್ಸತ್ತೆ, ನಿಮ್ಮ ಮಸೀದಿ ನಿಮ್ಮದು, ಆಸ್ತಿ ನಿಮ್ಮದು, ನಿಮ್ಮ ನ್ಯಾಯ ನಿಮ್ಮ ಖಾಜಿ ಹತ್ರಾನೇ, ಯಾರನ್ನೂ ಬಲವಂತವಾಗಿ ಮತಾಂತರ ಮಾಡಲ್ಲ. 1499ಕ್ಕೆ ಸಿಸ್ನೆರೋಸ್ ಅನ್ನೋ ಆರ್ಚ್‌ಬಿಷಪ್ ಬಂದು ಸಾಮೂಹಿಕ ಮತಾಂತರ ಶುರು ಮಾಡ್ದ, ಅರಬಿ ಪುಸ್ತಕ ರಾಶಿ ಹಾಕಿ ಸುಟ್ಟ. ಜನ ದಂಗೆ ಎದ್ರು. ನೀವೇ ದಂಗೆ ಎದ್ದಿರಿ ಆದ್ರಿಂದ ಒಪ್ಪಂದ ರದ್ದು ಅಂದ್ರು! 1502ಕ್ಕೆ ಮತಾಂತರ ಆಗಿ ಇಲ್ಲಾ ದೇಶ ಬಿಡಿ. ಕೀಲಿ ಕೊಟ್ಟು ಹತ್ತು ವರ್ಷ. ಇದರ ಮೇಲೂ 1882ರಲ್ಲಿ ಪ್ರಾದಿಯಾ ಅನ್ನೋ ಪೇಂಟರ್ ಕೀಲಿ ಕೊಡೋ ದೃಶ್ಯವನ್ನ ಭಾರೀ ಗಾತ್ರದಲ್ಲಿ ಬರೆದ, ಬರೆಸಿದ್ದು ಸ್ಪೇನ್ ಸೆನೆಟ್.

ಧಾರವಾಡ_ಫೇಡೆ

ಒಪ್ಪಿದೆ ಮಾರಾಯ್ರ. ಆದ್ರ ಗ್ರನಾಡಾದಾಗ ಮಾತ ಮುರದವ್ರನ್ನ ಇವತ್ತಿಗೂ ಮಂದಿ ಬೈತಾರ ಅಂದ್ರ ಮಾತು ಅಂತ ಒಂದು ಇತ್ತು ಅಂತಾತಲ್ಲ. ಬಡಾಹೋಸ್‌ನವ್ರು ಯಾರ ಕಡೆ ಹೋಗಿ ಯಾವ ಕಾಗದ ತೋರ್ಸಬೇಕು?

ಗಾಂಧಿಬಜಾರ್_ಗಿರಾಕಿ

ಇಷ್ಟು ದೂರ ಹೋಗತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕೊನೇದಾಗಿ ಒಂದೇ ಒಂದು, ಕೀಲಿ ಕೊಟ್ಟ ಆ ಯುಸ್ಟಿನಸ್ ಏನಾದ? ಊರು ಬಿಟ್ಟುಕೊಟ್ಟೆ ಅಂತ ಅವನ ಕಡೆಯವರು ಏನೂ ಮಾಡ್ಲಿಲ್ವಾ?

ಹಳೇಪುಸ್ತಕದ_ರಾಯರು

ಏನೂ ಮಾಡ್ಲಿಲ್ಲ. ಒಂಬತ್ತು ತಿಂಗಳು ತಡ್ಕೊಂಡಿದ್ದಾನೆ, ಅಷ್ಟು ಹೊತ್ತಿಗೆ ವಯಸ್ಸೂ ಅರವತ್ತೈದು ದಾಟಿತ್ತು, ಯಾರು ತಾನೇ ಏನು ಹೇಳ್ತಾರೆ. ಲೈಡನ್ ಊರಿಗೆ ಹೋಗಿ ಸೇರ್ಕೊಂಡ, 1631ರಲ್ಲಿ ಅಲ್ಲೇ ತೀರ್ಕೊಂಡ. ಸ್ಪಿನೋಲಾ ಗತಿ ಇದಕ್ಕಿಂತ ಕಷ್ಟ. ಇಟಲಿಯ ಕಸಾಲೆ ಅನ್ನೋ ಇನ್ನೊಂದು ಕೋಟೆ ಮುತ್ತಿಗೆ ಹಾಕ್ಕೊಂಡು ಕೂತಿದ್ದಾಗ 1630ರಲ್ಲಿ ಸತ್ತ, ಸ್ಪೇನ್ ದರ್ಬಾರಿನವರು ಅವನ ಮರ್ಯಾದೆ ತೆಗೆದಿದ್ರು, ಮನೆತನದ ದುಡ್ಡೂ ಯುದ್ಧಕ್ಕೆ ಸುರಿದು ಹೋಗಿತ್ತು. ಪೇಂಟಿಂಗ್ ಬರೆಯೋ ಹೊತ್ತಿಗೆ ಕೊಟ್ಟವನೂ ಇಲ್ಲ ತಗೊಂಡವನೂ ಇಲ್ಲ.

ಬ್ರೆಡಾನೂ ಉಳೀಲಿಲ್ಲ. ಚಿತ್ರ ಅರಮನೆ ಗೋಡೆಗೆ ಹೋಗಿ ಎರಡು ವರ್ಷ ಆಗಿತ್ತು ಅಷ್ಟೇ, 1637ರಲ್ಲಿ ಡಚ್ ರಾಜಕುಮಾರ ಫ್ರೆಡರಿಕ್ ಹೆನ್ರಿ ಬಂದು ಮುತ್ತಿಗೆ ಹಾಕ್ದ, ಈ ಸಲ ಮೂರು ತಿಂಗಳಿಗೇ ಮುಗೀತು, ಸ್ಪೇನ್ ಕಡೆಯವರು ಒಪ್ಪಂದ ಮಾಡ್ಕೊಂಡು ಹೊರಗೆ ನಡೆದ್ರು. ಫಿಲಿಪ್ ರಾಜ ಆ ಚಿತ್ರವನ್ನ ಗೋಡೆಯಿಂದ ಇಳಿಸ್ಲಿಲ್ಲ.